ಹಳೆಯ ಸ್ಪೆಕ್ಟ್ರಂಗೆ ಹೊಸ ಬೆಸುಗೆ

ಝಡ್‌ಎಕ್ಸ್ ಸ್ಪೆಕ್ಟ್ರಂ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಸಿಂಕ್ಲೇರ್ ರಿಸರ್ಚ್ ಕಂಪನಿ 1982ರ ಏಪ್ರಿಲ್ 23ರಂದು ಹೊರತಂದ ಮನೆಬಳಕೆಯ ಕಂಪ್ಯೂಟರ್. 16 ಕಿಲೋಬೈಟ್ ಮೆಮೊರಿಯ ಮಾದರಿಗೆ 125 ಪೌಂಡ್, 48 ಕಿಲೋಬೈಟಿನ ಮಾದರಿಗೆ 175 ಪೌಂಡ್ ಬೆಲೆ ಇತ್ತು. ಅದಕ್ಕೆಂದು ಬೇರೆ ಪರದೆ ಕೊಳ್ಳಬೇಕಿರಲಿಲ್ಲ, ಮನೆಯ ಟೀವಿ ಸಾಕಿತ್ತು. ಡಿಸ್ಕ್ ಇರಲಿಲ್ಲ, ಹಾಡು ಕೇಳುವ ಟೇಪ್ ರೆಕಾರ್ಡರಿನಿಂದಲೇ ಪ್ರೋಗ್ರಾಂ ಒಳಗೆ ಹೋಗುತ್ತಿತ್ತು. ಮೆತ್ತನೆಯ ರಬ್ಬರ್ ಕೀಲಿಗಳ ಈ ಕಪ್ಪು ಪೆಟ್ಟಿಗೆ ಸ್ಕಾಟ್ಲೆಂಡಿನ ಡಂಡಿಯಲ್ಲಿದ್ದ ಟೈಮೆಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ಬ್ರಿಟನ್ನಿನ ಲಕ್ಷಾಂತರ ಮನೆಗಳನ್ನು ಸೇರಿತು. 1986ರಲ್ಲಿ ಆಮ್‌ಸ್ಟ್ರಾಡ್ ಕಂಪನಿ ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು 50 ಲಕ್ಷ ಪೌಂಡಿಗೆ ಕೊಂಡಿತು. 1992ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಎಲ್ಲ ಮಾದರಿಗಳೂ ಸೇರಿ 50 ಲಕ್ಷಕ್ಕೂ ಹೆಚ್ಚು ಸ್ಪೆಕ್ಟ್ರಂಗಳು ಮಾರಾಟವಾಗಿದ್ದವು.

ಅಂದು ಆ ಕೀಲಿಗಳ ಮುಂದೆ ಕೂತಿದ್ದ ಮಕ್ಕಳು ಇಂದು ನಡುವಯಸ್ಸು ದಾಟುತ್ತಿದ್ದಾರೆ. ಅವರಲ್ಲಿ ಕೆಲವರು ಹಳೆಯ ಯಂತ್ರವನ್ನು ಹುಡುಕಿ ಕೊಳ್ಳುತ್ತಾರೆ. ಇನ್ನು ಕೆಲವರು ಅದನ್ನು ಮೊದಲಿನಿಂದ ತಾವೇ ಕಟ್ಟುತ್ತಾರೆ. ಕಟ್ಟಲು ಸಾಧ್ಯವಾಗುವುದು ಯಂತ್ರ ಚಿಕ್ಕದಾಗಿರುವುದರಿಂದ. ಇಂದಿನ ಮೊಬೈಲ್ ಫೋನಿನ ಒಳಗನ್ನು ಪೂರ್ತಿಯಾಗಿ ಬಲ್ಲ ಒಬ್ಬ ವ್ಯಕ್ತಿ ಇರಲಾರ. ಸ್ಪೆಕ್ಟ್ರಂನ ಪ್ರತಿಯೊಂದು ತಂತಿಯ ಕೆಲಸವನ್ನೂ, ಅದರ ಮೆಮೊರಿಯ ಪ್ರತಿಯೊಂದು ಬೈಟಿನ ಜಾಗವನ್ನೂ ಒಬ್ಬರೇ ತಿಳಿದುಕೊಳ್ಳಬಹುದು. ಆದರೆ ಕಟ್ಟಲು ಹೊರಟ ಕೂಡಲೇ ಒಂದು ಪ್ರಶ್ನೆ ಎದುರಾಗುತ್ತದೆ: ಆ ಯಂತ್ರದ ಗುಣಗಳಷ್ಟೇ ಅದರ ಕೊರತೆಗಳೂ ಅದರ ಮುಖಚಹರೆಯಾಗಿರುವಾಗ, ಯಾವ ಕೊರತೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು?

ಭಾರತದ ನಂಟು

ಸ್ಪೆಕ್ಟ್ರಂ ಭಾರತಕ್ಕೂ ಬಂದಿತ್ತು. 1980ರ ದಶಕದ ಕೊನೆಯ ಭಾಗದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಪರವಾನಗಿ ಪಡೆದು ಸ್ಪೆಕ್ಟ್ರಂ ಪ್ಲಸ್ ಮಾದರಿಯನ್ನು ‘ಡಿಬಿ ಸ್ಪೆಕ್ಟ್ರಂ’ ಎಂಬ ಹೆಸರಿನಲ್ಲಿ ಇಲ್ಲಿ ಮಾರಿತು. ಅದೇ ದಶಕದಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆ ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣವನ್ನು ಪರಿಚಯಿಸಿದಾಗ ಆರಿಸಿಕೊಂಡದ್ದು ಸ್ಪೆಕ್ಟ್ರಂನ ಪ್ರತಿಸ್ಪರ್ಧಿಯಾಗಿದ್ದ ಬಿಬಿಸಿ ಮೈಕ್ರೊವನ್ನು. ಹೀಗಾಗಿ ಆ ಕಾಲದ ಭಾರತೀಯ ಮಕ್ಕಳಲ್ಲಿ ಕೆಲವರಿಗೆ ಕಂಪ್ಯೂಟರ್ ಎಂದರೆ ಮೊದಲು ನೆನಪಾಗುವುದು ಇಂಥ ಎಂಟು ಬಿಟ್ಟಿನ ಬ್ರಿಟಿಷ್ ಯಂತ್ರಗಳೇ. ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಓದಿದವರಿಗೆ ಇನ್ನೊಂದು ನಂಟಿದೆ. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಕಲಿಸಿದ 8085 ಪ್ರೊಸೆಸರ್ ಮತ್ತು ಸ್ಪೆಕ್ಟ್ರಂನ ಝಡ್80 ಪ್ರೊಸೆಸರ್ ಎರಡೂ ಇಂಟೆಲ್ 8080ರ ಸಂತತಿ. ಎರಡರ ಮೂಲ ಆದೇಶಗಳೂ ಬಹುಪಾಲು ಒಂದೇ. 8085 ಕಿಟ್ಟಿನ ಮೇಲೆ ಕೈಯಾಡಿಸಿದವರಿಗೆ ಝಡ್80 ಅರ್ಧ ಪರಿಚಿತವೇ.

ಪೆಟ್ಟಿಗೆಯೊಳಗಿನ ಲೆಕ್ಕ

ಸ್ಪೆಕ್ಟ್ರಂನ ಯಂತ್ರಭಾಗವನ್ನು ವಿನ್ಯಾಸಗೊಳಿಸಿದವರು ರಿಚರ್ಡ್ ಆಲ್ಟ್‌ವಾಸರ್. ರೋಮ್‌ನಲ್ಲಿರುವ ತಂತ್ರಾಂಶ ಬರೆದವರು ಸ್ಟೀವ್ ವಿಕರ್ಸ್. ಹೊರಕವಚ ಮತ್ತು ಕೀಲಿಮಣೆಗೆ ರೂಪ ಕೊಟ್ಟವರು ರಿಕ್ ಡಿಕಿನ್ಸನ್. ಇವರೆಲ್ಲರ ಮುಂದೆ ಕಂಪನಿಯ ಒಡೆಯ ಕ್ಲೈವ್ ಸಿಂಕ್ಲೇರ್ ಇಟ್ಟಿದ್ದ ಷರತ್ತು ಒಂದೇ, ಬೆಲೆ ಕಡಿಮೆಯಿರಬೇಕು. ಯಂತ್ರದ ಒಳಗಿನ ಪ್ರತಿಯೊಂದು ತೀರ್ಮಾನವೂ ಈ ಷರತ್ತಿನಿಂದ ಹುಟ್ಟಿದ್ದು.

ಒಳಗೆ ಮುಖ್ಯವಾಗಿ ನಾಲ್ಕು ಭಾಗಗಳಿದ್ದವು: ಪ್ರೊಸೆಸರ್, ರೋಮ್, ರಾಮ್ ಮತ್ತು ಯುಎಲ್‌ಎ ಎಂಬ ವಿಶೇಷ ಚಿಪ್. ಪ್ರೊಸೆಸರ್ ಝಡ್80ಎ. ಇಂಟೆಲ್ ಬಿಟ್ಟುಬಂದ ಫೆಡೆರಿಕೊ ಫ್ಯಾಜಿನ್ ಕಟ್ಟಿದ ಝೈಲಾಗ್ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದ ಚಿಪ್ಪಿನ ವೇಗದ ರೂಪ ಅದು. ಸ್ಪೆಕ್ಟ್ರಂನಲ್ಲಿ ಅದು ಸೆಕೆಂಡಿಗೆ 35 ಲಕ್ಷ ಬಡಿತಗಳ, ಎಂದರೆ 3.5 ಮೆಗಾಹರ್ಟ್ಸ್‌ನ ಕ್ಲಾಕಿಗೆ ಓಡುತ್ತಿತ್ತು.

ಝಡ್80ಯ 40 ಕಾಲುಗಳಲ್ಲಿ 16 ವಿಳಾಸ ತಂತಿಗಳಿಗೆ, 8 ದತ್ತಾಂಶ ತಂತಿಗಳಿಗೆ ಮೀಸಲು. 16 ತಂತಿಗಳಿಂದ 65,536 ವಿಳಾಸಗಳನ್ನು ಮಾತ್ರ ಕರೆಯಲು ಸಾಧ್ಯ. ಯಂತ್ರದ ಇಡೀ ಪ್ರಪಂಚ ಇಷ್ಟರಲ್ಲಿ ಮುಗಿಯಬೇಕು. ಮೊದಲ 16 ಕಿಲೋಬೈಟ್ ರೋಮ್‌ಗೆ ಹೋಯಿತು. ಝಡ್80 ಚಾಲೂ ಆದೊಡನೆ ಸೊನ್ನೆಯ ವಿಳಾಸದಲ್ಲಿರುವ ಆದೇಶವನ್ನು ಓದುವುದರಿಂದ ಅಳಿಯದ ಮೆಮೊರಿಯಾದ ರೋಮ್ ಅಲ್ಲಿಯೇ ಇರಬೇಕಾಗಿತ್ತು. ಬೇಸಿಕ್ ಭಾಷೆ, ಅಕ್ಷರಗಳ ಆಕಾರ, ಕೀಲಿ ಓದುವ ಕ್ರಮ, ಟೇಪಿನಿಂದ ಪ್ರೋಗ್ರಾಂ ತುಂಬಿಸುವ ವಿಧಾನ ಎಲ್ಲವೂ ಆ 16 ಕಿಲೋಬೈಟಿನಲ್ಲಿದ್ದವು. ಉಳಿದ 48 ಕಿಲೋಬೈಟ್ ಬರೆದು ಅಳಿಸಬಹುದಾದ ಮೆಮೊರಿಗೆ, ಅಂದರೆ ರಾಮ್‌ಗೆ.

ರಾಮ್‌ನಲ್ಲೂ ಜುಗ್ಗತನ ಕಾಣುತ್ತದೆ. ಮೇಲಿನ 32 ಕಿಲೋಬೈಟಿಗೆ ಬಳಸಿದ್ದು 64 ಕಿಲೋಬಿಟ್ಟಿನ ಅರ್ಧ ಕೆಟ್ಟ ಚಿಪ್‌ಗಳನ್ನು. ತಯಾರಿಕೆಯಲ್ಲಿ ದೋಷ ಉಳಿದು ಅಗ್ಗಕ್ಕೆ ಸಿಗುತ್ತಿದ್ದ ಈ ಚಿಪ್‌ಗಳ ಸರಿಯಿದ್ದ ಅರ್ಧವನ್ನಷ್ಟೇ ಸ್ಪೆಕ್ಟ್ರಂ ಮುಟ್ಟುತ್ತಿತ್ತು.

ಎಂಟಕ್ಕೆಂಟು ಪಿಕ್ಸೆಲ್‌ಗೆ ಎರಡೇ ಬಣ್ಣ

ಕಟ್ಟುವವರಿಗೆ ಅತಿ ಕಷ್ಟದ ಭಾಗ ಯುಎಲ್‌ಎ. ಫೆರಾಂಟಿ ಕಂಪನಿ ತಯಾರಿಸುತ್ತಿದ್ದ ಈ ಚಿಪ್ ಟೀವಿಗೆ ಬೇಕಾದ ಚಿತ್ರಸಂಕೇತ, ಪ್ರೊಸೆಸರಿನ ಕ್ಲಾಕ್, ಕೀಲಿಮಣೆ, ಟೇಪ್, ಸ್ಪೀಕರ್ ಎಲ್ಲವನ್ನೂ ಒಬ್ಬಂಟಿಯಾಗಿ ನೋಡಿಕೊಳ್ಳುತ್ತಿತ್ತು. ಹತ್ತಾರು ಬಿಡಿ ಚಿಪ್‌ಗಳ ಕೆಲಸ ಒಂದರೊಳಗೆ ಅಡಗಿದ್ದರಿಂದಲೇ ಯಂತ್ರದ ಬೆಲೆ ಇಳಿದದ್ದು.

ಸ್ಪೆಕ್ಟ್ರಂನ ಚಿತ್ರ ಅಡ್ಡಕ್ಕೆ 256, ಉದ್ದಕ್ಕೆ 192 ಪಿಕ್ಸೆಲ್‌ಗಳದ್ದು, ಒಟ್ಟು 49,152. ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ ಕೊಡಲು ನಾಲ್ಕು ಬಿಟ್ ಬೇಕೆಂದುಕೊಂಡರೆ ಚಿತ್ರಕ್ಕೇ 24,576 ಬೈಟ್ ಬೇಕಾಗುತ್ತಿತ್ತು. ಅಗ್ಗದ ಮಾದರಿಯಲ್ಲಿದ್ದ ರಾಮ್ 16,384 ಬೈಟ್ ಮಾತ್ರ. ಆದ್ದರಿಂದ ಆಲ್ಟ್‌ವಾಸರ್ ಬೇರೆ ದಾರಿ ಹಿಡಿದರು. ಪ್ರತಿ ಪಿಕ್ಸೆಲ್‌ಗೆ ಒಂದೇ ಬಿಟ್: ಬರೆಹದ ಬಣ್ಣವೋ, ಹಿನ್ನೆಲೆಯ ಬಣ್ಣವೋ ಎಂದು ಹೇಳಲು ಅಷ್ಟು ಸಾಕು. ಇದಕ್ಕೆ 6,144 ಬೈಟ್. ಆ ಎರಡು ಬಣ್ಣಗಳು ಯಾವುವು ಎಂಬುದನ್ನು ಎಂಟಕ್ಕೆಂಟು ಪಿಕ್ಸೆಲ್‌ಗಳ ಒಂದೊಂದು ಚೌಕಕ್ಕೆ ಒಂದೊಂದು ಬೈಟಿನಲ್ಲಿ ಬರೆದಿಡಲಾಯಿತು. ಚೌಕಗಳು 32 ಕಂಬಸಾಲು, 24 ಅಡ್ಡಸಾಲು, ಒಟ್ಟು 768. ಆ ಬೈಟಿನಲ್ಲಿ ಮೂರು ಬಿಟ್ ಬರೆಹದ ಬಣ್ಣಕ್ಕೆ, ಮೂರು ಹಿನ್ನೆಲೆಗೆ, ಒಂದು ಹೊಳಪಿಗೆ, ಒಂದು ಮಿನುಗುವಿಕೆಗೆ. ಎಲ್ಲ ಸೇರಿ 6,912 ಬೈಟಿನಲ್ಲಿ ಬಣ್ಣದ ಚಿತ್ರ ಮುಗಿಯಿತು. 16 ಕಿಲೋಬೈಟಿನ ಯಂತ್ರದಲ್ಲೂ ಒಂಬತ್ತು ಕಿಲೋಬೈಟಿನಷ್ಟು ಉಳಿಯಿತು.

ಈ ಉಳಿತಾಯಕ್ಕೆ ತೆತ್ತ ಬೆಲೆ ಪರದೆಯ ಮೇಲೆ ಕಾಣುತ್ತಿತ್ತು. ಒಂದು ಚೌಕದಲ್ಲಿ ಎರಡಕ್ಕಿಂತ ಹೆಚ್ಚು ಬಣ್ಣ ಇರುವಂತಿಲ್ಲ. ಆಟದ ಕೆಂಪು ಗೊಂಬೆ ಹಸಿರು ಮರದ ಮುಂದೆ ಹಾದರೆ ಮರದ ಒಂದು ತುಂಡೂ ಕೆಂಪಾಗುತ್ತಿತ್ತು, ಇಲ್ಲವೇ ಗೊಂಬೆಯೇ ಹಸಿರಾಗುತ್ತಿತ್ತು. ಬಣ್ಣಗಳ ಈ ಘರ್ಷಣೆ ಸ್ಪೆಕ್ಟ್ರಂನ ಗುರುತೇ ಆಗಿಹೋಯಿತು. 1984ರ ‘ನೈಟ್ ಲೋರ್’ನಂಥ ಆಟಗಳು ಇಡೀ ದೃಶ್ಯವನ್ನು ಒಂದೇ ಬಣ್ಣದಲ್ಲಿ ಬಿಡಿಸಿ ಈ ತೊಡಕಿನಿಂದ ತಪ್ಪಿಸಿಕೊಂಡವು.

ಇನ್ನೊಂದು ತೊಡಕು ಕಣ್ಣಿಗೆ ಕಾಣದು. ಯುಎಲ್‌ಎ ಚಿತ್ರವನ್ನು ಓದುವುದೂ ಪ್ರೊಸೆಸರ್ ಕೆಲಸ ಮಾಡುವುದೂ ಕೆಳಗಿನ ಅದೇ 16 ಕಿಲೋಬೈಟ್ ರಾಮ್‌ನಲ್ಲಿ. ಇಬ್ಬರೂ ಒಂದೇ ಗಳಿಗೆಯಲ್ಲಿ ಕೈಹಾಕುವಂತಿಲ್ಲ. ಟೀವಿ ಯಾರಿಗೂ ಕಾಯುವುದಿಲ್ಲವಾದ್ದರಿಂದ ಯುಎಲ್‌ಎ ತನ್ನ ಕೆಲಸ ಮುಗಿಯುವತನಕ ಪ್ರೊಸೆಸರಿನ ಕ್ಲಾಕನ್ನೇ ತಡೆಹಿಡಿಯುತ್ತಿತ್ತು. ಮೇಲಿನ 32 ಕಿಲೋಬೈಟಿಗೆ ಈ ತಡೆ ಇರಲಿಲ್ಲ. ಅದಕ್ಕಾಗಿಯೇ ವೇಗ ಬೇಕಾದ ಭಾಗಗಳನ್ನು ಪ್ರೋಗ್ರಾಂ ಬರೆಯುವವರು 32,768ನೇ ವಿಳಾಸದಿಂದ ಮೇಲಕ್ಕೆ ಇಡುತ್ತಿದ್ದರು.

ಮತ್ತೆ ಕಟ್ಟುವ ಮೂರು ದಾರಿಗಳು

ಯುಎಲ್‌ಎ ಈಗ ತಯಾರಾಗುವುದಿಲ್ಲ. ಆದ್ದರಿಂದ ಸ್ಪೆಕ್ಟ್ರಂ ಕಟ್ಟುವ ದಾರಿಗಳು ಬೇರೆಯಾಗುವುದು ‘ಯುಎಲ್‌ಎ ಜಾಗದಲ್ಲಿ ಏನು?’ ಎಂಬ ಪ್ರಶ್ನೆಯಲ್ಲಿ.

ಮೊದಲ ದಾರಿ, ಅದರ ಕೆಲಸವನ್ನು 74 ಸರಣಿಯ ಸಾಮಾನ್ಯ ಲಾಜಿಕ್ ಚಿಪ್‌ಗಳಿಗೆ ಹಂಚುವುದು. 1980ರ ದಶಕದ ಕೊನೆಯಲ್ಲಿ ಸೋವಿಯತ್ ಒಕ್ಕೂಟದ ಹವ್ಯಾಸಿಗಳು ಹಿಡಿದದ್ದು ಇದನ್ನೇ. ಅಲ್ಲಿ ಸ್ಪೆಕ್ಟ್ರಂ ಸಿಗುತ್ತಿರಲಿಲ್ಲ, ಯುಎಲ್‌ಎ ಚಿಪ್ ಕೂಡ ಇರಲಿಲ್ಲ. ‘ಲೆನಿನ್‌ಗ್ರಾಡ್’, ‘ಪೆಂಟಗಾನ್’ ಮುಂತಾದ ಹೆಸರಿನ ತದ್ರೂಪುಗಳು ಸಾಮಾನ್ಯ ಚಿಪ್‌ಗಳಿಂದಲೇ ಹುಟ್ಟಿದವು. ಆದರೆ ಅವುಗಳ ಕಾಲಲೆಕ್ಕ ಮೂಲದಂತಿರಲಿಲ್ಲ. ಬ್ರಿಟನ್ನಿನ ಕ್ರಿಸ್ ಸ್ಮಿತ್ ಈ ಕೊರತೆಯನ್ನು ತುಂಬಿದರು. ಅವರು ಯುಎಲ್‌ಎಯ ಸಿಲಿಕಾನನ್ನು ಸೂಕ್ಷ್ಮದರ್ಶಕದ ಚಿತ್ರಗಳಿಂದ ಅಭ್ಯಾಸ ಮಾಡಿ, ಒಳಗಿನ ಸರ್ಕ್ಯೂಟನ್ನು ಬಿಡಿಸಿ, ಅದನ್ನು 2010ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಯುಎಲ್‌ಎ ಇಲ್ಲದೆಯೇ ಅವರು ಕಟ್ಟಿದ ಸ್ಪೆಕ್ಟ್ರಂ ತದ್ರೂಪಿಗೆ ‘ಹಾರ್ಲಿಕ್ವಿನ್’ ಎಂದು ಹೆಸರು. ಅದನ್ನಾಧರಿಸಿದ ಬೋರ್ಡುಗಳನ್ನು ಹವ್ಯಾಸಿಗಳು ಇಂದಿಗೂ ಬೆಸೆಯುತ್ತಾರೆ. ಇದರಲ್ಲಿ ಚಿಪ್‌ಗಳು ಹೆಚ್ಚು, ಬೆಸುಗೆ ಹೆಚ್ಚು. ಆದರೆ ಪ್ರತಿಯೊಂದು ಸಂಕೇತವನ್ನೂ ಆಸಿಲೋಸ್ಕೋಪಿನ ಮೊನೆಯಿಂದ ಮುಟ್ಟಿ ನೋಡಬಹುದು.

ಎರಡನೆಯ ದಾರಿ ಎಫ್‌ಪಿಜಿಎ ಎಂಬ ಚಿಪ್. ಯುಎಲ್‌ಎ ಮತ್ತು ಎಫ್‌ಪಿಜಿಎ ಎರಡರ ಹಿಂದಿರುವ ಆಲೋಚನೆ ಒಂದೇ: ಚುಕ್ಕಿ ಇಟ್ಟು ಬಿಟ್ಟ ರಂಗೋಲಿಯಂತೆ, ಲಾಜಿಕ್ ಗೇಟುಗಳನ್ನು ಮೊದಲೇ ಸಿಲಿಕಾನಿನಲ್ಲಿ ಹಾಸಿರುತ್ತಾರೆ, ಅವನ್ನು ಜೋಡಿಸುವ ಗೆರೆಗಳು ಆಮೇಲೆ ಬರುತ್ತವೆ. ಯುಎಲ್‌ಎಯಲ್ಲಿ ಗೆರೆಗಳು ಕಾರ್ಖಾನೆಯಲ್ಲಿ ಒಮ್ಮೆ ಬಿದ್ದರೆ ಮುಗಿಯಿತು. ಎಫ್‌ಪಿಜಿಎಯಲ್ಲಿ ಅವನ್ನು ಅಳಿಸಿ ಎಷ್ಟು ಸಲವಾದರೂ ಬರೆಯಬಹುದು. ವೆರಿಲಾಗ್ ಅಥವಾ ವಿಎಚ್‌ಡಿಎಲ್ ಎಂಬ ವಿವರಣಾ ಭಾಷೆಯಲ್ಲಿ ಸರ್ಕ್ಯೂಟನ್ನು ಬರೆದು ತುಂಬಿದರೆ ಯುಎಲ್‌ಎ ಮಾತ್ರವಲ್ಲ, ಝಡ್80 ಪ್ರೊಸೆಸರ್ ಕೂಡ ಆ ಒಂದೇ ಚಿಪ್ಪಿನೊಳಗೆ ಮೂಡುತ್ತದೆ. ‘ಝಡ್‌ಎಕ್ಸ್ ಸ್ಪೆಕ್ಟ್ರಂ ನೆಕ್ಸ್ಟ್’ ಈ ಬಗೆಯದು. ಬ್ರೆಜಿಲಿನ ವಿಕ್ಟರ್ ಟ್ರುಕೊ ಮತ್ತು ಫಾಬಿಯೊ ಬೆಲವೆನೂಟೊ ಮೊದಲು ಮಾಡಿದ ಬೋರ್ಡಿನಿಂದ ಬೆಳೆದ ಈ ಯಂತ್ರಕ್ಕೆ 2017ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಏಳು ಲಕ್ಷ ಪೌಂಡಿಗೂ ಹೆಚ್ಚು ಹಣ ಬಂತು. ಹಣ ಹಾಕಿದವರ ಕೈಗೆ ಪೂರ್ಣ ಯಂತ್ರ ಸಿಕ್ಕಿದ್ದು 2020ರಲ್ಲಿ. ಅದರ ಹೊರರೂಪವನ್ನು ವಿನ್ಯಾಸಗೊಳಿಸಿದವರು ಮೂಲ ಸ್ಪೆಕ್ಟ್ರಂಗೆ ರೂಪ ಕೊಟ್ಟ ರಿಕ್ ಡಿಕಿನ್ಸನ್ ಅವರೇ. ಯಂತ್ರ ಜನರ ಕೈ ಸೇರುವ ಮೊದಲೇ, 2018ರಲ್ಲಿ ಅವರು ತೀರಿಕೊಂಡರು. ನೆಕ್ಸ್ಟ್ ಹಳೆಯ ಆಟಗಳನ್ನು ಹಳೆಯ ವೇಗದಲ್ಲೇ ಆಡಿಸಬಲ್ಲದು, ಬೇಕೆಂದರೆ 28 ಮೆಗಾಹರ್ಟ್ಸ್‌ವರೆಗೂ ಓಡಬಲ್ಲದು.

ಮೂರನೆಯ ದಾರಿ ಹಳೆಯದನ್ನು ನಕಲು ಮಾಡದೆ, ಅದರ ಮನೋಧರ್ಮದಲ್ಲಿ ಹೊಸ ಯಂತ್ರ ಕಟ್ಟುವುದು. ಅಮೆರಿಕದ ಡೇವಿಡ್ ಮರ್ರೆ ಮುಂದಾಳಾಗಿದ್ದ ‘ಕಮಾಂಡರ್ ಎಕ್ಸ್16’ ಇದಕ್ಕೆ ಉದಾಹರಣೆ. ಅದರ ಪ್ರೇರಣೆ ಸ್ಪೆಕ್ಟ್ರಂ ಅಲ್ಲ, ಅಮೆರಿಕದ ಮಕ್ಕಳು ಆಡಿಬೆಳೆದ ಕಮಡೋರ್ ಕಂಪನಿಯ ವಿಕ್-20 ಮತ್ತು ಕಮಡೋರ್ 64. ಪ್ರೊಸೆಸರ್ ಇಂದಿಗೂ ಹೊಸದಾಗಿ ತಯಾರಾಗುತ್ತಿರುವ 65ಸಿ02. ವೇಗ 8 ಮೆಗಾಹರ್ಟ್ಸ್. ಆದರೆ ಕಮಡೋರ್‌ನ ಚಿತ್ರ ಚಿಪ್‌ನಂಥದು ಈಗ ಯಾರೂ ಮಾಡುವುದಿಲ್ಲವಾದ್ದರಿಂದ ಚಿತ್ರದ ಕೆಲಸಕ್ಕೆ ಇಲ್ಲಿಯೂ ಎಫ್‌ಪಿಜಿಎಯನ್ನೇ ಆಶ್ರಯಿಸಬೇಕಾಯಿತು. ಹಳೆಯ ಆಟ ಇದರಲ್ಲಿ ನೇರವಾಗಿ ಓಡದು. ಹಳೆಯ ಬಗೆಯಲ್ಲಿ ಹೊಸ ಪ್ರೋಗ್ರಾಂ ಬರೆಯುವವರಿಗಾಗಿ ಇರುವ ಯಂತ್ರವಿದು.

ಹಳೆಯ ಕವಚದೊಳಗೆ ಇಂದಿನ ಪ್ರೊಸೆಸರ್ ಕೂರಿಸಿ, ಎಮ್ಯುಲೇಟರ್ ಎಂಬ ತಂತ್ರಾಂಶದಿಂದ ಸ್ಪೆಕ್ಟ್ರಂನ ಅನುಕರಣೆ ಮಾಡುವ ಯಂತ್ರಗಳೂ ಇವೆ. ಆಟವಾಡಲು ಅವು ಸಾಕು. ಕಟ್ಟಿ ಕಲಿಯಬೇಕೆನ್ನುವವರಿಗೆ ಅವುಗಳಲ್ಲಿ ಹೆಚ್ಚಿನದೇನೂ ಸಿಗದು.

ಕಟ್ಟುವ ಕ್ರಮ

ಮೊದಲ ದಾರಿಯಲ್ಲಿ ನಡೆಯುವವರು ಇಡೀ ಯಂತ್ರವನ್ನು ಒಮ್ಮೆಗೇ ಜೋಡಿಸುವುದಿಲ್ಲ. ಒಂದು ಹಂತ ಸರಿಯೆಂದು ಖಾತ್ರಿಯಾದ ಮೇಲೆ ಮುಂದಿನದು. ಆರಂಭಕ್ಕೆ ಬ್ರೆಡ್‌ಬೋರ್ಡ್, ಅಂದರೆ ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಹಲಗೆ ಸಾಕು.

ಮೊದಲ ಹಂತದಲ್ಲಿ ಪ್ರೊಸೆಸರ್, 5 ವೋಲ್ಟಿನ ವಿದ್ಯುತ್, ಕ್ಲಾಕ್ ಮತ್ತು ರಿಸೆಟ್ ಮಾತ್ರ. ಝಡ್80ಯಲ್ಲಿ ‘ಏನೂ ಮಾಡಬೇಡ, ಮುಂದಕ್ಕೆ ಹೋಗು’ ಎಂಬ ಆದೇಶದ ಸಂಖ್ಯೆ ಸೊನ್ನೆ. ಎಂಟು ದತ್ತಾಂಶ ತಂತಿಗಳನ್ನೂ ರೆಸಿಸ್ಟರ್ ಮೂಲಕ ಸೊನ್ನೆ ವೋಲ್ಟಿಗೆ ಕಟ್ಟಿದರೆ ಪ್ರೊಸೆಸರ್ ಎಲ್ಲಿ ಓದಿದರೂ ಅದೇ ಆದೇಶ ಸಿಕ್ಕಿ, ವಿಳಾಸಗಳನ್ನು ಒಂದೊಂದಾಗಿ ಎಣಿಸುತ್ತ ಹೋಗುತ್ತದೆ. ಪ್ರತಿ ಆದೇಶಕ್ಕೆ ನಾಲ್ಕು ಬಡಿತ ಬೇಕಾದ್ದರಿಂದ 3.5 ಮೆಗಾಹರ್ಟ್ಸ್‌ನಲ್ಲಿ 65,536 ವಿಳಾಸಗಳ ಒಂದು ಸುತ್ತು ಸೆಕೆಂಡಿಗೆ ಸುಮಾರು 13 ಸಲ ಮುಗಿಯುತ್ತದೆ. ಅತಿ ಮೇಲಿನ ವಿಳಾಸ ತಂತಿಗೆ ಎಲ್‌ಇಡಿ ಸಿಕ್ಕಿಸಿದರೆ ಅದು ಅಷ್ಟೇ ವೇಗದಲ್ಲಿ ಮಿನುಗುತ್ತದೆ. ಮಿನುಗಿದರೆ ಪ್ರೊಸೆಸರ್ ಬದುಕಿದೆ ಎಂದರ್ಥ. ಹೊಸ ಬಗೆಯ ಸಿಮೋಸ್ ಝಡ್80 ಆದರೆ ಕ್ಲಾಕನ್ನು ಪೂರ್ತಿ ನಿಲ್ಲಿಸಿ, ಗುಂಡಿ ಒತ್ತಿದಂತೆ ಒಂದೊಂದೇ ಬಡಿತ ಕೊಟ್ಟು ನೋಡಲೂಬಹುದು.

ಎರಡನೆಯ ಹಂತ ವಿಳಾಸಗಳ ಹಂಚಿಕೆ. ಮೇಲಿನ ಎರಡು ವಿಳಾಸ ತಂತಿಗಳನ್ನು ನೋಡಿದರೆ ಸಾಕು: ಎರಡೂ ಸೊನ್ನೆಯಾಗಿದ್ದರೆ ರೋಮ್, ಸೊನ್ನೆ-ಒಂದು ಆಗಿದ್ದರೆ ಚಿತ್ರವಿರುವ ರಾಮ್, ಮೇಲಿನದು ಒಂದಾಗಿದ್ದರೆ ಉಳಿದ ರಾಮ್. ಒಂದೆರಡು ಲಾಜಿಕ್ ಚಿಪ್‌ಗಳಲ್ಲಿ ಇದು ಮುಗಿಯುತ್ತದೆ. ಇಲ್ಲಿ ಹೆಚ್ಚಿನವರು ಮೂಲವನ್ನು ಬಿಟ್ಟು ನಡೆಯುತ್ತಾರೆ. ಸ್ಪೆಕ್ಟ್ರಂನ ಕೆಳಗಿನ ರಾಮ್ ಚಿಪ್‌ಗಳಿಗೆ 5, 12 ಮತ್ತು ಋಣ 5 ವೋಲ್ಟ್ ಹೀಗೆ ಮೂರು ಬಗೆಯ ವಿದ್ಯುತ್ ಬೇಕಿತ್ತು. ಅದರಲ್ಲೊಂದು ತಪ್ಪಿದರೆ ಚಿಪ್‌ಗಳು ಕೆಡುವ ಅಪಾಯವಿತ್ತು. ಈಗ 32 ಕಿಲೋಬೈಟಿನ ಸ್ಟ್ಯಾಟಿಕ್ ರಾಮ್ ಒಂದೇ ಚಿಪ್ಪಿನಲ್ಲಿ, ಒಂದೇ 5 ವೋಲ್ಟಿಗೆ ಸಿಗುತ್ತದೆ. ರೋಮ್ ಜಾಗಕ್ಕೆ ವಿದ್ಯುತ್ತಿನಿಂದಲೇ ಅಳಿಸಿ ಬರೆಯಬಹುದಾದ ಇಇಪ್ರೋಮ್ ಅಥವಾ ಫ್ಲಾಷ್ ಚಿಪ್ ಬರುತ್ತದೆ.

ಮೂರನೆಯದು ಚಿತ್ರ. 14 ಮೆಗಾಹರ್ಟ್ಸ್‌ನ ಹರಳಿನಿಂದ ಶುರು. ಅದನ್ನು ಎರಡರಿಂದ ಭಾಗಿಸಿದರೆ ಪಿಕ್ಸೆಲ್‌ಗಳಿಗೆ 7 ಮೆಗಾಹರ್ಟ್ಸ್, ಮತ್ತೊಮ್ಮೆ ಭಾಗಿಸಿದರೆ ಪ್ರೊಸೆಸರಿಗೆ 3.5. ಒಂದು ಎಣಿಕೆ ಚಿಪ್ ಪ್ರತಿ ಗೆರೆಗೆ 448 ಪಿಕ್ಸೆಲ್ ಕಾಲವನ್ನು ಎಣಿಸುತ್ತದೆ. ಅದು ಸರಿಯಾಗಿ 64 ಮೈಕ್ರೊಸೆಕೆಂಡ್, ಪಾಲ್ ಬಗೆಯ ಟೀವಿಯ ಒಂದು ಗೆರೆಯ ಕಾಲ. ಇನ್ನೊಂದು 312 ಗೆರೆಗಳನ್ನು ಎಣಿಸುತ್ತದೆ. ಹಾಗೆ ಸೆಕೆಂಡಿಗೆ 50 ಚಿತ್ರಗಳು. ಪ್ರತಿ ಚಿತ್ರಕ್ಕೊಮ್ಮೆ ಪ್ರೊಸೆಸರಿಗೆ ಕರೆ ಹೋಗುತ್ತದೆ. ಅದು ಕೈಯಲ್ಲಿದ್ದ ಕೆಲಸ ಬಿಟ್ಟು ಕೀಲಿಮಣೆ ನೋಡಿಕೊಂಡು ಬರುತ್ತದೆ. ಎಣಿಕೆಗಳು ಸರಿಹೋದ ಮೇಲೆ ಮೆಮೊರಿಯಿಂದ ಬೈಟ್ ತಂದು, ಅದರ ಬಿಟ್‌ಗಳನ್ನು ಒಂದೊಂದಾಗಿ ಹೊರತಳ್ಳಿ, ಬಣ್ಣದ ಬೈಟಿನ ಪ್ರಕಾರ ಬಣ್ಣ ಆರಿಸುವ ಸರ್ಕ್ಯೂಟ್ ಬರುತ್ತದೆ. ಇಡೀ ಯಂತ್ರದ ಹೆಚ್ಚಿನ ಚಿಪ್‌ಗಳು ಈ ಹಂತಕ್ಕೇ ಖರ್ಚಾಗುತ್ತವೆ.

ಕೀಲಿಮಣೆ, ಸದ್ದು, ಟೇಪ್ ಮೂರಕ್ಕೂ ಸ್ಪೆಕ್ಟ್ರಂನಲ್ಲಿ ಒಂದೇ ಬಾಗಿಲು, 254ನೇ ಪೋರ್ಟ್. 40 ಕೀಲಿಗಳನ್ನು ಐದೈದರ ಎಂಟು ಗುಂಪುಗಳಾಗಿ ವಿಂಗಡಿಸಿದೆ. ವಿಳಾಸದ ಮೇಲಿನ ಎಂಟು ತಂತಿಗಳಲ್ಲಿ ಒಂದನ್ನು ಸೊನ್ನೆಗಿಳಿಸಿ ಗುಂಪನ್ನು ಆರಿಸಿದರೆ, ಅದರಲ್ಲಿ ಯಾವ ಕೀಲಿ ಒತ್ತಿದೆಯೆಂಬುದು ಐದು ಬಿಟ್‌ಗಳಲ್ಲಿ ಹಿಂದಿರುಗುತ್ತದೆ. ಅದೇ ಪೋರ್ಟಿಗೆ ಬರೆದರೆ ಮೂರು ಬಿಟ್ ಪರದೆಯ ಅಂಚಿನ ಬಣ್ಣಕ್ಕೆ, ಒಂದು ಟೇಪಿಗೆ, ಒಂದು ಸ್ಪೀಕರಿಗೆ ಹೋಗುತ್ತದೆ. ಸ್ಪೀಕರನ್ನು ಹೊಡೆಯುವುದು ಆ ಒಂದೇ ಬಿಟ್. ಅದನ್ನು ಬೇಗ ಬೇಗ ಏರಿಸಿಳಿಸಿ ಸಂಗೀತ ಹೊರಡಿಸಬೇಕು.

ಬ್ರೆಡ್‌ಬೋರ್ಡಿನ ಉದ್ದ ತಂತಿಗಳು ಮತ್ತು ಸಡಿಲ ಸಂಪರ್ಕಗಳು ಚಿತ್ರದ ಹಂತದಲ್ಲಿ ತೊಂದರೆ ಕೊಡತೊಡಗುತ್ತವೆ. ಆಗ ಕೈಕ್ಯಾಡ್‌ನಂಥ ಉಚಿತ ತಂತ್ರಾಂಶದಲ್ಲಿ ಸರ್ಕ್ಯೂಟ್ ಬರೆದು, ಎರಡು ಪದರದ ಬೋರ್ಡನ್ನು ತಯಾರಕರಿಂದ ಮಾಡಿಸಿಕೊಳ್ಳುತ್ತಾರೆ. ಪ್ರತಿ ಚಿಪ್ಪಿನ ವಿದ್ಯುತ್ ಕಾಲಿನ ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಇರಬೇಕು. ಅದಿಲ್ಲದಿದ್ದರೆ ಚಿಪ್‌ಗಳು ಒಟ್ಟಿಗೆ ಸ್ಥಿತಿ ಬದಲಿಸುವಾಗ ವೋಲ್ಟೇಜ್ ಕುಸಿದು, ಕಾರಣವೇ ಸಿಗದ ದೋಷಗಳು ಕಾಣಿಸಿಕೊಳ್ಳುತ್ತವೆ.

ಬಿಡಿಭಾಗ ಮತ್ತು ಹಕ್ಕು

74 ಸರಣಿಯ ಚಿಪ್, ರೆಸಿಸ್ಟರ್, ಕೆಪಾಸಿಟರ್, ಸಾಕೆಟ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಸಿಗುವ ಸಾಮಾನುಗಳೇ. ಕಷ್ಟವಾಗುತ್ತಿರುವುದು ಪ್ರೊಸೆಸರ್. ಸುಮಾರು 48 ವರ್ಷ ತಯಾರಾದ 40 ಕಾಲಿನ ಝಡ್80ಯನ್ನು ನಿಲ್ಲಿಸುವುದಾಗಿ ಝೈಲಾಗ್ 2024ರ ಏಪ್ರಿಲ್‌ನಲ್ಲಿ ತಿಳಿಸಿ, ಜೂನ್‌ವರೆಗೆ ಮಾತ್ರ ಕೊನೆಯ ಬೇಡಿಕೆಗಳನ್ನು ಸ್ವೀಕರಿಸಿತು. ಈಗ ಸಿಗುವುದು ಉಳಿದ ದಾಸ್ತಾನು ಮತ್ತು ಹಳೆಯ ಬೋರ್ಡುಗಳಿಂದ ಕಿತ್ತವು. ಹಳೆಯ ಚಿಪ್ಪಿನ ಮೇಲ್ಮೈ ಉಜ್ಜಿ, ಬೇರೆ ಗುರುತು ಅಚ್ಚೊತ್ತಿ ಮಾರುವುದೂ ಉಂಟು. ಹೀಗಾಗಿ ಕೊಂಡ ಚಿಪ್ಪನ್ನು ಮೊದಲು ಎಲ್‌ಇಡಿ ಪರೀಕ್ಷೆಗೆ ಒಡ್ಡುವುದು ವಾಡಿಕೆ.

ರೋಮ್‌ನ ತಂತ್ರಾಂಶ ಇನ್ನೂ ಹಕ್ಕುಸ್ವಾಮ್ಯಕ್ಕೆ ಒಳಪಟ್ಟಿದೆ. ಹಕ್ಕು ಹೊಂದಿದ್ದ ಆಮ್‌ಸ್ಟ್ರಾಡ್ 1999ರಲ್ಲಿ, ಹಕ್ಕುಸ್ವಾಮ್ಯದ ಸೂಚನೆಯನ್ನು ತೆಗೆಯದೆ ಎಮ್ಯುಲೇಟರುಗಳ ಜೊತೆ ಅದನ್ನು ಹಂಚಲು ಒಪ್ಪಿತು. ಯಂತ್ರ ಮಾಡಿ ಮಾರುವ ಮಾತು ಬೇರೆ. ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಆ ತೊಡಕು ಬೇಡವೆನ್ನುವವರಿಗೆ ‘ಓಪನ್‌ಎಸ್‌ಇ ಬೇಸಿಕ್’ ಎಂಬ ಮುಕ್ತ ತಂತ್ರಾಂಶದ ರೋಮ್ ಇದೆ.

ಯಾವ ಕೊರತೆ ಉಳಿಯಬೇಕು

ಕೊರತೆಗಳನ್ನು ವಿಂಗಡಿಸುವ ಕೆಲಸ ಇಲ್ಲಿಗೆ ಬಂದಾಗ ತಾನಾಗಿ ಸ್ಪಷ್ಟವಾಗುತ್ತದೆ. ಪ್ರೋಗ್ರಾಂಗೆ ತಿಳಿಯದ ಕೊರತೆಯನ್ನು ಬಿಡಬಹುದು. ಮೂರು ವೋಲ್ಟೇಜಿನ ರಾಮ್, ಅರ್ಧ ಕೆಟ್ಟ ಚಿಪ್, ಟೀವಿಯ ಆಂಟೆನಾ ತೂತಿಗೆ ಹೋಗುವ ಮಸುಕು ಚಿತ್ರ ಇವೆಲ್ಲ ಹೋದರೆ ಯಾವ ಆಟಕ್ಕೂ ಗೊತ್ತಾಗುವುದಿಲ್ಲ. ಒಣಗಿ ಬಿರುಕು ಬಿಡುತ್ತಿದ್ದ ಕೀಲಿಮಣೆಯ ತೆಳುಹಾಳೆಯ ಬದಲು ಗಟ್ಟಿ ಸ್ವಿಚ್ಚುಗಳನ್ನು ಹಾಕಬಹುದು. ಟೇಪ್ ಸೆಕೆಂಡಿಗೆ ಸರಾಸರಿ 1,500 ಬಿಟ್ ಓದುತ್ತಿತ್ತು. 48 ಕಿಲೋಬೈಟ್ ತುಂಬಲು ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಡಿವ್‌ಎಂಎಂಸಿ ಎಂಬ ಜೋಡಣೆಯಿಂದ ಎಸ್‌ಡಿ ಕಾರ್ಡಿನಲ್ಲಿರುವ ಆಟ ಕ್ಷಣದಲ್ಲಿ ಒಳಗೆ ಬರುತ್ತದೆ.

ಪ್ರೋಗ್ರಾಂ ನಂಬಿಕೊಂಡ ಕೊರತೆಯನ್ನು ಮಾತ್ರ ಮುಟ್ಟುವಂತಿಲ್ಲ. ಚೌಕಕ್ಕೆ ಎರಡೇ ಬಣ್ಣ, ಗೆರೆಗೆ 224 ಪ್ರೊಸೆಸರ್ ಬಡಿತ, ಕೆಳಗಿನ ರಾಮ್‌ನಲ್ಲಿ ಯುಎಲ್‌ಎ ಒಡ್ಡುವ ತಡೆ ಇಂಥವು. 1983ರ ‘ಆಕ್ವಾಪ್ಲೇನ್’ ಎಂಬ ಆಟ ಇದಕ್ಕೆ ಒಳ್ಳೆಯ ಒರೆಗಲ್ಲು. ಸಮುದ್ರ ಮತ್ತು ಆಕಾಶ ಕೂಡುವ ಗೆರೆಯನ್ನು ಅದು ಚಿತ್ರದಾಚೆ, ಪರದೆಯ ಅಂಚಿನವರೆಗೂ ಎಳೆಯುತ್ತದೆ. ಅಂಚಿಗೆ ಇರುವುದು ಒಂದೇ ಬಣ್ಣ. ಟೀವಿಯ ಕಿರಣ ಅರ್ಧ ದಾರಿಗೆ ಬಂದಾಗ ಬಣ್ಣ ಬದಲಿಸುವ ಈ ಉಪಾಯ ಬಡಿತಗಳ ಲೆಕ್ಕದ ಮೇಲೆ ನಿಂತಿದೆ. ಕಾಲಲೆಕ್ಕ ಮೂಲದಂತಿಲ್ಲದ ತದ್ರೂಪಿನಲ್ಲಿ ಅಂಚಿನ ಗೆರೆ ಚಿತ್ರದ ಗೆರೆಗೆ ಕೂಡದೆ ಮೇಲೋ ಕೆಳಗೋ ಸರಿಯುತ್ತದೆ.

ಆದ್ದರಿಂದ ಕಟ್ಟಿ ಮುಗಿದ ಯಂತ್ರಕ್ಕೆ ಎರಡು ಪರೀಕ್ಷೆಗಳಿವೆ. ಸ್ವಿಚ್ ಹಾಕಿದಾಗ ರೋಮ್‌ನ ತಂತ್ರಾಂಶ ರಾಮ್ ಅನ್ನು ತಪಾಸಿಸಿ ಪರದೆಯ ಕೆಳಗೆ ಸಿಂಕ್ಲೇರ್ ರಿಸರ್ಚ್‌ನ ಹಕ್ಕುಸ್ವಾಮ್ಯದ ಸಾಲನ್ನು ಬರೆದರೆ ಪ್ರೊಸೆಸರ್, ರೋಮ್, ರಾಮ್, ಚಿತ್ರ ನಾಲ್ಕೂ ಸರಿಯಿವೆ. ಆಮೇಲೆ ಬಡಿತದ ಲೆಕ್ಕಕ್ಕೆ ಕಟ್ಟುಬಿದ್ದ ಹಳೆಯ ಪ್ರೋಗ್ರಾಂಗಳು ಮೂಲ ಯಂತ್ರದಲ್ಲಿ ನಡೆದಂತೆಯೇ ಇದರಲ್ಲೂ ನಡೆದರೆ ಅದು ಸ್ಪೆಕ್ಟ್ರಂ. ನಡೆಯದಿದ್ದರೆ ಅದು ಸ್ಪೆಕ್ಟ್ರಂನಿಂದ ಪ್ರೇರಿತವಾದ ಬೇರೊಂದು ಯಂತ್ರ. ಅದಕ್ಕೆ ಬೇಕಾದ ಪ್ರೋಗ್ರಾಂಗಳನ್ನು ಕಟ್ಟಿದವರೇ ಬರೆದುಕೊಳ್ಳಬೇಕಾಗುತ್ತದೆ.